ಬೀಗರೊಡನೆ ಹಳೆಯ ಕೋವಿ ಆರಿಸಿದ್ದು

ಕಣ್ಣಿನ ಡಾಕ್ಟರೂ ಈವರೆಗೆ ಕೇಳದ ಪ್ರಶ್ನೆಯೊಂದನ್ನು ನ್ಯೂಜೆರ್ಸಿಯ ಒಬ್ಬ ಬಂದೂಕಿನ ವ್ಯಾಪಾರಿ ನನ್ನನ್ನು ಕೇಳಿದ: ನಿಮ್ಮ ಎರಡು ಕಣ್ಣುಗಳಲ್ಲಿ ಯಜಮಾನ ಯಾವುದು? ಮನೆಯಲ್ಲಿ ಯಜಮಾನರು ಯಾರೆಂಬ ವಿಷಯವನ್ನೇ ಮೂವತ್ತು ವರ್ಷಗಳ ದಾಂಪತ್ಯದಲ್ಲಿ ಕೆದಕದೆ ಜಾಣತನದಿಂದ ಬದುಕಿಕೊಂಡು ಬಂದಿರುವ ನಾನು, ಮುಖದ ಮೇಲೂ ಅಂಥದೊಂದು ಅಧಿಕಾರ ವ್ಯವಸ್ಥೆ ಇರಬಹುದೆಂದು ಐವತ್ತೆಂಟನೆಯ ವಯಸ್ಸಿನವರೆಗೆ ಊಹಿಸಿಯೂ ಇರಲಿಲ್ಲ.

ಬ್ರಿಡ್ಜ್‌ವಾಟರಿನ ಔಷಧಿ ಕಂಪನಿಯೊಂದರಲ್ಲಿ ಅಂಕಿಅಂಶ ಕಾಯ್ದುಕೊಂಡಿರುವ, ಸೊಳ್ಳೆಯನ್ನೂ ಗುರಿಯಿಟ್ಟು ಹೊಡೆದು ಗೊತ್ತಿಲ್ಲದ ಈ ಮನುಷ್ಯನಿಗೆ ಕೋವಿ ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಶಾಂತಲಾ ಕೇಳಿಯೇ ಕೇಳಿದಳು. ಕಾರಣ, ಬೀಗರು. ನಮ್ಮ ಮಗಳು ಮೇಘಾಳ ಮಾವ ವಾಲ್ಟ್ ನಿವೃತ್ತ ಪ್ಲಂಬರ್; ಆರಡಿ ಎತ್ತರ, ದಿನಕ್ಕೆ ಆರು ಮಾತು. ನಾವಿಬ್ಬರೂ ಸೇರಿದರೆ ಮೊದಲ ಐದು ನಿಮಿಷ ಟ್ರಾಫಿಕ್, ಮುಂದಿನ ಐದು ನಿಮಿಷ ಸ್ನೋ, ಆಮೇಲೆ ಊಟಕ್ಕೆ ಕರೆಯುವವರೆಗೆ ಪರಸ್ಪರ ಮಂದಹಾಸ. "ಅಪ್ಪಾ, ಹೀ ಥಿಂಕ್ಸ್ ಯು ಡೋಂಟ್ ಲೈಕ್ ಹಿಮ್," ಎಂದು ಮೇಘಾ ಒಂದು ದಿನ ಹೇಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಅವಳು ಆಗ ಐದು ತಿಂಗಳ ಬಸುರಿ. ಒಂದೇ ಮಗುವಿನ ಇಬ್ಬರು ತಾತಂದಿರು ತೊಟ್ಟಿಲಿನ ಆಚೆಗೊಬ್ಬರು ಈಚೆಗೊಬ್ಬರು ನಿಂತು ಸ್ನೋ ವಿಚಾರ ಮಾತಾಡುವುದನ್ನು ನೆನೆಸಿಕೊಂಡರೇ ಬೇಜಾರು. ಹಾಗಾಗಿ ವಾಲ್ಟ್ ಕ್ಲೇ ಶೂಟಿಂಗಿಗೆ ಬರುತ್ತೀಯಾ ಎಂದು ಕರೆದ ಕೂಡಲೇ ಒಪ್ಪಿಬಿಟ್ಟೆ.

ಅದು ಹೀಗೆ. ಯಂತ್ರವೊಂದು ಕಾಫಿ ತಟ್ಟೆಯಷ್ಟಗಲದ ಮಣ್ಣಿನ ಬಿಲ್ಲೆಯನ್ನು ಆಕಾಶಕ್ಕೆ ಚಿಮ್ಮಿಸುತ್ತದೆ, ನಾವದನ್ನು ಹಾರುತ್ತಿರುವಾಗಲೇ ಹೊಡೆದು ಪುಡಿ ಮಾಡಬೇಕು. ಬಾಡಿಗೆಯ ಕೋವಿಯಲ್ಲಿ ನಾನು ಇಪ್ಪತ್ತೈದು ಬಿಲ್ಲೆಗಳಿಗೆ ಗುಂಡು ಹಾರಿಸಿದೆ. ಇಪ್ಪತ್ತೈದೂ ಸುಖವಾಗಿ ಹುಲ್ಲಿನ ಮೇಲೆ ಇಳಿದವು. ನನ್ನ ಗಮನವನ್ನು ಸೆಳೆದದ್ದು ಮಾತ್ರ ಬೇರೆ: ಬೀಗರು ಕೋವಿಯನ್ನು ಆನಿಸಿಕೊಂಡದ್ದು ಎಡ ಭುಜಕ್ಕೆ. ಬೀಗರ ಊನಗಳನ್ನು ಕಂಡರೂ ಕಾಣದಂತಿರಬೇಕೆಂಬ ಮೈಸೂರಿನ ಸಂಸ್ಕಾರದಲ್ಲಿ ಬೆಳೆದ ನಾನು ತಕ್ಷಣ ದೃಷ್ಟಿಯನ್ನು ಮರಗಳತ್ತ ತಿರುಗಿಸಿದೆ. ಮನೆಗೆ ಬಂದು ಹೇಳಿದರೆ ಶಾಂತಲಾ ಕೂಡ, "ಅಯ್ಯೋ ಪಾಪ, ಎಡಚರಾ? ನೀವೇನೂ ಕೇಳೋಕೆ ಹೋಗ್ಬೇಡಿ, ಬೇಜಾರು ಮಾಡ್ಕೊಂಡಾರು," ಎಂದು ಎಚ್ಚರಿಸಿದಳು.

ತಪ್ಪು ಬಾಡಿಗೆ ಕೋವಿಯದೆಂದು ವಾಲ್ಟ್ ದೊಡ್ಡ ಮನಸ್ಸು ಮಾಡಿ ತೀರ್ಮಾನಿಸಿದರು. ಬಿಲ್ಲೆಗೂ ಆಗಬೇಕು, ಶರತ್ಕಾಲದಲ್ಲಿ ಫೆಸೆಂಟ್ ಹಕ್ಕಿಯ ಬೇಟೆಗೂ ಆಗಬೇಕು, ಅಂಥದೊಂದು ಸೆಕೆಂಡ್‌ಹ್ಯಾಂಡ್ ಜೋಡುನಳಿಗೆಯ ಕೋವಿ ಹುಡುಕೋಣ ಎಂದರು. ಈ ರಾಜ್ಯದಲ್ಲಿ ಕೋವಿ ಕೊಳ್ಳಲು ಪೊಲೀಸರಿಂದ ಕಾರ್ಡ್ ಬೇಕು, ಕಾರ್ಡಿಗೆ ನಮ್ಮ ನಡತೆಯನ್ನು ಬಲ್ಲ ಇಬ್ಬರ ಹೆಸರು ಬೇಕು. ನಾನು ಇಬ್ಬರು ಕನ್ನಡಿಗರ ಹೆಸರು ಕೊಟ್ಟ ಫಲವಾಗಿ ಎಲ್ಲರೂ ಒಂದೊಂದು ಅಡುಗೆ ತಂದು ಸೇರುವ ಮುಂದಿನ ಪಾಟ್‌ಲಕ್ ಊಟದಲ್ಲಿ ನಾಲ್ಕು ಜನ ಆಂಟಿಯರು ಶಾಂತಲಾಳನ್ನು ಮೂಲೆಗೆ ಕರೆದೊಯ್ದು, ಮನೆಯಲ್ಲಿ ಎಲ್ಲ ಸರಿಯಾಗಿದೆಯೇ ಎಂದು ವಿಚಾರಿಸಿದರು. ಅವಳು ನನಗೆ ವಿಧಿಸಿದ ಷರತ್ತು ಒಂದೇ: "ಮಣ್ಣಿನ ಬಿಲ್ಲೆ ಎಷ್ಟು ಬೇಕಾದ್ರೂ ಹೊಡ್ಕೊಳ್ಳಿ. ಹಕ್ಕಿ ಬಂದ್ರೆ ಮಾತ್ರ ಈಗಿನ ಹಾಗೇ ಹೊಡೀರಿ."

ಅಂಗಡಿಯಲ್ಲಿ ವಾಲ್ಟ್ ಬೇರೆಯೇ ಮನುಷ್ಯರಾದರು. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ತುಕ್ಕು ತಿಂದ ಗುಳಿಗಳಿವೆಯೇ ನೋಡಿದರು, ಕೀಲನ್ನು ಅಲುಗಾಡಿಸಿದರು, ನಳಿಗೆಯನ್ನು ಬೆರಳಲ್ಲಿ ತೂಗಿ ಹಿಡಿದು ನಮ್ಮವರು ತೆಂಗಿನಕಾಯಿಯನ್ನು ತಟ್ಟುವಂತೆ ತಟ್ಟಿ, ಬೆಸುಗೆ ಗಟ್ಟಿಯಿದೆಯೇ ಎಂದು ನಾದ ಕೇಳಿದರು. ಭಾರದ ಕೋವಿಯಾದರೆ ಭುಜಕ್ಕೆ ಒದೆತ ಕಡಿಮೆ, ಹಗುರದ್ದಾದರೆ ಹಕ್ಕಿಯ ಹಿಂದೆ ದಿನವಿಡೀ ಅಲೆಯಲು ಸುಖ, ನಿನಗೆ ನಡುವಿನದೇ ಸರಿ ಎಂದರು. ಅಷ್ಟು ಮಾತು ಅವರಿಂದ ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ನಾನೋ, ಬಾತುಕೋಳಿಗಳನ್ನು ಕೆತ್ತಿದ್ದ ಒಂದು ಕೋವಿಯ ಸೌಂದರ್ಯಕ್ಕೆ ಮರುಳಾಗಿ ನಿಂತಿದ್ದೆ. ವಾಲ್ಟ್ ಒಂದೊಂದಾಗಿ ಮೂರು ಕೋವಿ ಕೈಗಿತ್ತು ಹೇಗಿದೆ ಎಂದು ಕೇಳಿದರು. ಮೊದಲನೆಯದು ಕೆನ್ನೆಗೆ ಚುಚ್ಚಿತು, ಎರಡನೆಯದರ ಹಿಡಿ ಉದ್ದವಾಗಿ ಕಂಕುಳಿಗೆ ಸಿಕ್ಕಿಕೊಂಡಿತು, ಮೂರನೆಯದು ಎರಡನ್ನೂ ಮಾಡಿತು. ಬೀಗರು ಕೈಯಾರೆ ಕೊಟ್ಟದ್ದರಲ್ಲಿ ಹುಳುಕು ಹುಡುಕುವುದುಂಟೇ? ಮೂರಕ್ಕೂ ಪರ್ಫೆಕ್ಟ್ ಎಂದೆ. ವಾಲ್ಟರ ಮುಖ ಸಪ್ಪಗಾಯಿತು. ಈತನಿಗೆ ಇದರಲ್ಲಿ ಕಿಂಚಿತ್ತೂ ಆಸಕ್ತಿಯಿಲ್ಲ ಎಂದು ಅವರು ತಿಳಿದುಕೊಳ್ಳುತ್ತಿರುವುದು ನನಗೆ ಎದುರಿಗೇ ಕಾಣುತ್ತಿತ್ತು, ಸರಿಪಡಿಸುವ ಬಗೆ ತಿಳಿಯದೆ ಇನ್ನೊಮ್ಮೆ ಪರ್ಫೆಕ್ಟ್ ಎಂದೆ.

ವ್ಯಾಪಾರಿ ಆ ಪ್ರಶ್ನೆ ಕೇಳಿದ್ದು ಆಗಲೇ. ಎರಡೂ ಕೈ ಮುಂದೆ ಚಾಚಿ, ಬೆರಳುಗಳ ನಡುವೆ ಚಿಕ್ಕ ಕಿಂಡಿ ಮಾಡಿ, ಅದರೊಳಗಿಂದ ಗೋಡೆ ಗಡಿಯಾರವನ್ನು ನೋಡುತ್ತ ಕೈಗಳನ್ನು ಮುಖದ ಹತ್ತಿರ ತರಲು ಹೇಳಿದ. ಕಿಂಡಿ ನೇರವಾಗಿ ಎಡಗಣ್ಣಿಗೆ ಬಂತು. ಗುರಿ ನೋಡುವುದು ಎಡಗಣ್ಣು, ಕೋವಿ ಇರುವುದು ಬಲ ಭುಜದಲ್ಲಿ, ಬಿಲ್ಲೆ ಒಡೆಯುವುದೆಂತು? ಆತ ಹಿಂದಿನ ಸಾಲಿನಿಂದ ಮೈತುಂಬ ಗೀರು ಬಿದ್ದ, ಎಡಚರಿಗೆಂದೇ ಹಿಡಿಯನ್ನು ತುಸು ಬಾಗಿಸಿದ್ದ ಕೋವಿಯೊಂದನ್ನು ತಂದುಕೊಟ್ಟ. ಎಡ ಭುಜಕ್ಕೆ ಏರಿಸಿದೆ. ಅದು ಬಂದು ಕೂತ ರೀತಿಗೆ ನನಗೆ ಅದನ್ನು ಕೆಳಗಿಳಿಸಲು ಮನಸ್ಸೇ ಬರಲಿಲ್ಲ.

ಏಕೆಂದರೆ, ನಿಮ್ಮೆದುರು ಈಗ ಹೇಳಲೇಬೇಕು, ಹುಟ್ಟಿನಿಂದ ನಾನೂ ಎಡಚನೇ. ಸರಸ್ವತಿಪುರಂನ ಮನೆಯಲ್ಲಿ ನಮ್ಮ ಸೋದರತ್ತೆ ಊಟಕ್ಕೆ ಕೂತಾಗಲೆಲ್ಲ ನನ್ನ ಎಡಗೈಯನ್ನು ತೊಡೆಯಡಿ ಇರಿಸಿ, ಅದರ ಮೇಲೆ ಕೂತ್ಕೋ ಎನ್ನುತ್ತಿದ್ದರು. ಶಾಲೆಯಲ್ಲಿ ಉಳಿದದ್ದನ್ನು ಮೇಷ್ಟರ ಅಡಿಕೋಲು ನೋಡಿಕೊಂಡಿತು. ಅತ್ತೆಯ ಮೇಲೆ ನನಗೆ ಐವತ್ತು ವರ್ಷಗಳಿಂದ ಸಿಟ್ಟಿತ್ತೆಂಬುದು ಗೊತ್ತಾದದ್ದು ಆ ಅಂಗಡಿಯಲ್ಲಿ. "ಇದು ಸರಿಯಾಗಿದೆ," ಎಂದೆ ವಾಲ್ಟರಿಗೆ. "ಮೊದಲಿನ ಮೂರೂ ಚೆನ್ನಾಗಿರಲಿಲ್ಲ. ನಾನು ಎಡಚ."

"ಗೊತ್ತು," ಎಂದರು ವಾಲ್ಟ್. "ನಮ್ಮ ಮನೆಯಲ್ಲಿ ಮೊದಲ ಸಲ ಊಟಕ್ಕೆ ಬಂದಾಗ ನೀನು ಎಡಗೈ ಮೇಲೆ ಕೂತಿದ್ದೆ. ಕೇಳಿದರೆ ನಿನಗೆ ಬೇಜಾರಾದೀತು ಅಂತ ಸುಮ್ಮನಿದ್ದೆ."

ಅಷ್ಟು ಹೇಳಿ ತಮ್ಮ ಎಡಗೈಯ ಗೆಣ್ಣುಗಳನ್ನು ತೋರಿಸಿದರು. ಅವರ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು ಕ್ರೈಸ್ತ ಸನ್ಯಾಸಿನಿಯರು. ಅಡಿಕೋಲು ಅಲ್ಲಿಯೂ ಇತ್ತು. ಕೋವಿಯೊಂದು ಬಿಟ್ಟು ಬೇರೆಲ್ಲಕ್ಕೂ ತಮ್ಮನ್ನು ಬಲಗೈಗೆ ತಿರುಗಿಸಿದ್ದರಂತೆ. ಅದೇ ಕೋವಿಯನ್ನು ಕೊಂಡು ಓಲ್ಡ್ ಬ್ರಿಡ್ಜ್‌ನ ನಮ್ಮ ಮನೆಯವರೆಗೆ ಡ್ರೈವ್ ಮಾಡಿಕೊಂಡು ಬರುವಾಗ ದಾರಿಯುದ್ದಕ್ಕೂ ಇಬ್ಬರೂ ನಮ್ಮ ನಮ್ಮ ಮೇಷ್ಟರುಗಳನ್ನು ಹೆಸರು ಹಿಡಿದು ಬೈದೆವು. ಇಷ್ಟು ಸುಖವಾಗಿ ನಾನು ಯಾರೊಡನೆಯೂ ಕೂಡಿ ಬೈದದ್ದಿಲ್ಲ.

ಮನೆಯಲ್ಲಿ ಮೇಘಾ ಕಾಯುತ್ತಿದ್ದಳು. ಶಾಂತಲಾ ಕಾಫಿ ತಂದಳು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು, ಬೇಕೆಂದೇ, ಎಡಗೈಯಲ್ಲಿ ಲೋಟ ಎತ್ತಿಕೊಂಡೆವು.

"ರೀ," ಎಂದಳು ಶಾಂತಲಾ ನನಗೆ, ಸಣ್ಣ ದನಿಯಲ್ಲಿ. "ಬೀಗರ ಮುಂದೆ ಏನಿದು? ಬಲಗೈಲಿ ತಗೊಳ್ಳಿ."

ನಾನು ಲೋಟವನ್ನು ಬಲಗೈಗೆ ಬದಲಾಯಿಸಿದೆ. ಪಕ್ಕದಲ್ಲಿ, ಕನ್ನಡದ ಒಂದಕ್ಷರವೂ ಬಾರದ ವಾಲ್ಟ್ ಕೂಡ ಬೆನ್ನು ನೆಟ್ಟಗೆ ಮಾಡಿ ಕೂತು, ಲೋಟವನ್ನು ಬಲಗೈಗೆ ಬದಲಾಯಿಸಿಕೊಂಡರು.