ಪಂಚಮಿಗೆ ಕರೀತಾಳ ಬಿಡವ್ವ

ಅವ್ವ ತೀರಿಕೊಂಡು, ಮಾಡಬೇಕಾದ ಕಾರ್ಯವೆಲ್ಲ ಮುಗಿದು, ನಾನು ಸಿರುಗುಪ್ಪದ ತವರಿನಿಂದ ಬಳ್ಳಾರಿಗೆ, ಗಂಡನ ಮನೆಗೆ ಹೊರಟ ದಿನ ಅತ್ತಿಗೆ ನನ್ನ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು, ಉತ್ತತ್ತಿ. ಅಲ್ಲಿಯವರೆಗೆ ಅದು ಅವ್ವನ ಕೆಲಸ. ಅವ್ವ ಸೆರಗು ಜಗ್ಗುವಷ್ಟು ಹಾಕಿ, ಸಾಲದೆಂದು ಮತ್ತೊಂದು ಹಿಡಿ ಸುರಿಯುತ್ತಿದ್ದಳು. ಅತ್ತಿಗೆ ಅಳತೆಯಾಗಿ ಹಾಕಿದಳು. ತಪ್ಪೇನಲ್ಲ. ಎಪ್ಪತ್ತರ ದಶಕದ ಒಂದು ಬೇಸಿಗೆ ಅದು.

ಅಷ್ಟು ದಿನವೂ ನನಗೆ ಅಳು ಬಂದಿರಲಿಲ್ಲ. ಬಂದವರೆಲ್ಲ ಸರಿಯಾದ ಮಾತನ್ನೇ ಆಡಿದ್ದರು. "ಮುತ್ತೈದಿಯಾಗಿ ಹೋದ್ಲವ್ವ, ಪುಣ್ಯವಂತಿ." "ಹಾಸಿಗಿ ಹಿಡೀಲಿಲ್ಲ, ಒಬ್ಬರ ಕೈಲಿ ಮಾಡಿಸ್ಕೊಳ್ಳಲಿಲ್ಲ." ನಾನು ತಲೆಯಾಡಿಸಿದೆ. ಇವಳದು ಕಲ್ಲೆದೆ ಎಂದು ಓಣಿಯವರು ಪಿಸುಗುಟ್ಟಿದ್ದೂ ಕೇಳಿಸಿತ್ತು. ಅಂದುಕೊಳ್ಳಲಿ, ನನಗೇನು! ನನ್ನ ತಲೆ ಕೊರೆಯುತ್ತಿದ್ದದ್ದು ಒಂದೇ: ಇನ್ನು ಈ ಮನೆಗೆ ನನ್ನನ್ನು ಕರೆಯುವವರು ಯಾರು? ಅಪ್ಪ ಇಂಥದ್ದಕ್ಕೆಲ್ಲ ಎಂದೂ ತಲೆ ಹಾಕಿದವನಲ್ಲ. ಅಣ್ಣ ಕೆಟ್ಟವನಲ್ಲ. ಆದರೆ ಹಬ್ಬ ಬಂತು, ತಂಗಿಯನ್ನು ಕರೆದುಕೊಂಡು ಬಾ ಎಂದು ಅವನಿಗೆ ಅವ್ವನೇ ಹೇಳಬೇಕಿತ್ತು.

ಕುರುಗೋಡಿನ ಮೇಲೆ ಹೋಗುವ ಬಸ್ಸು ಸಿಕ್ಕಿತು. ಪಕ್ಕದ ಸೀಟಿನಲ್ಲಿ ದಪ್ಪನೆಯ ಹೆಂಗಸೊಬ್ಬಳು ಬದನೆಕಾಯಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗುರುತಿಲ್ಲ, ಪರಿಚಯವಿಲ್ಲ. ನನ್ನ ಉಡಿ ನೋಡಿದಳು, ಮುಖ ನೋಡಿದಳು. ಅಷ್ಟರಲ್ಲೇ ಅವಳಿಗೆ ಎಲ್ಲ ತಿಳಿದುಹೋಯಿತು.

"ತವರುಮನಿಯಿಂದ ಹೊಂಟಿಯೇನವ್ವಾ?"

"ಹೂಂ."

"ಅದಕ್ಕಾ ಮಾರಿ ಇಷ್ಟು ಸಣ್ಣ ಮಾಡ್ಕೊಂಡೀ. ಹುಚ್ಚಿ! ಶ್ರಾವಣ ಏನು ದೂರ ಐತಿ? ಪಂಚಮಿಗೆ ನಿಮ್ಮವ್ವ ಕರೀತಾಳ ಬಿಡವ್ವ. ಹೆತ್ತಾಕಿ ಕರೀಲಾರದ ಇರ್ತಾಳೇನು?"

ನನ್ನ ಬಾಯಿ ಮೊದಲೇ ಜೋರು. ಬೇರೆ ದಿನವಾಗಿದ್ದರೆ, ನಿನಗ್ಯಾಕ ಬೇಕು ಊರ ಉಸಾಬರಿ ಎಂದು ಅಂದೇಬಿಡುತ್ತಿದ್ದೆ. ಅಂದು ಸಿಟ್ಟೂ ಬರಲಿಲ್ಲ. ಅವಳು ಬಿಡದೆ, "ಉಂಡಿ ಕಟ್ಟಿ ಇಟ್ಟಿರ್ತಾಳ ನೋಡು, ಜೋಕಾಲಿ ಆಡುವಂತಿ," ಎನ್ನುತ್ತಲೇ ಇದ್ದಳು. ನಾನು ಹೂಂಗುಟ್ಟುತ್ತಲೇ ಇದ್ದೆ. ಸತ್ತುಹೋದಳು ಎಂದಿದ್ದರೆ ಪಾಪ, ಆಕೆಯ ಮುಖ ಏನಾಗುತ್ತಿತ್ತೋ. ಅದೊಂದೇ ಅಲ್ಲ. ಇಡೀ ಬಸ್ಸಿನಲ್ಲಿ ಆಕೆಯೊಬ್ಬಳ ಪಾಲಿಗಾದರೂ ನಮ್ಮವ್ವ ಬದುಕಿದ್ದಳು. ಕುರುಗೋಡು ಬಂತು. ಆಕೆ ನನ್ನ ಗಲ್ಲ ಸವರಿ ಲಟಿಕೆ ಮುರಿದು, ಚೀಲ ಎತ್ತಿಕೊಂಡು ಇಳಿದುಹೋದಳು.

ಆಡಬಾರದ ಮಾತೇ ಅದು. ತಾಯಿಯನ್ನು ಮಣ್ಣು ಮಾಡಿ ಬಂದವಳಿಗೆ ಅದಕ್ಕಿಂತ ಕೆಟ್ಟ ಸಮಾಧಾನ ಯಾರೂ ಹೇಳಲಾರರು. ಆದರೆ ಆ ಸರಿಯಾದ ಮಾತುಗಳಲ್ಲಿ ಒಂದೂ ನನ್ನೊಳಗೆ ಇಳಿದಿರಲಿಲ್ಲ. ಇದು ಇಳಿದು ಕೂತುಬಿಟ್ಟಿತು. ರೊಟ್ಟಿ ಬಡಿಯುವಾಗ, ನೀರಿಗೆ ನಿಂತಾಗ, ಕರೀತಾಳ ಬಿಡವ್ವ, ಕರೀತಾಳ ಬಿಡವ್ವ.

ಶ್ರಾವಣ ಬಂತು. ಓಣಿಯ ಸೊಸೆಯರನ್ನು ಕರೆದೊಯ್ಯಲು ಒಬ್ಬೊಬ್ಬರಾಗಿ ಅಣ್ಣತಮ್ಮಂದಿರು ಬಂದರು. ನಮ್ಮಣ್ಣ ಬರಲಿಲ್ಲ. ಪಂಚಮಿಯ ಹಿಂದಿನ ದಿನ ನಾನು ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕಿಕೊಂಡು, ಸೀರೆಗಳನ್ನು ಚೀಲಕ್ಕೆ ತುಂಬಿ, ಮನೆ ಮುಂದಿನ ಕಟ್ಟೆಯ ಮೇಲೆ ಕೂತೆ. ಸಂಜೆ ನಮ್ಮ ಮನೆಯವರು ಕೆಲಸ ಮುಗಿಸಿ ಸೈಕಲ್ ತಳ್ಳಿಕೊಂಡು ಬಂದರು.

"ಎಲ್ಲಿಗೆ ಹೊಂಟಿ?"

"ಸಿರುಗುಪ್ಪಕ್ಕ."

"ಯಾರು ಬಂದಾರ ಕರಿಯಾಕ?"

"ಅವ್ವ ಕರೀತಾಳಂತ," ಎಂದೆ.

ಅವರಿಗೆ ಮೊದಲೇ ಮಾತು ಕಡಿಮೆ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಬಂದು, ಚೀಲವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತರು. ಆಗ ಬಂತು ನೋಡಿ ಅಳು, ಓಣಿಯವರೆಲ್ಲ ಬಾಗಿಲಿಗೆ ಬರುವ ಹಾಗೆ.