ವಿಭೂತಿ ಹಚ್ಚಿದ ಕನ್ನಡಕ

ಮಕ್ಕಳೇ, ನಾನು ನಿಮ್ಮಷ್ಟು ಇದ್ದಾಗ, ಒಂದು ರವಿವಾರ ಬೆಳಿಗ್ಗೆ, ಮರುದಿನ ಅಪ್ಪನ ಪರೀಕ್ಷೆಯಲ್ಲಿ ಏನೇನು ಕೆಡಬಹುದೆಂದು ಎಣಿಸುತ್ತ ಕೂತಿದ್ದೆ. ಲಿಂಗಂಪಲ್ಲಿಯಲ್ಲಿ ಅಪ್ಪನಿಗೆ ಬಸ್ಸು ತಪ್ಪಬಹುದು. ಸಿಕ್ಕ ಬಸ್ಸು ಪಟಾನ್‌ಚೆರು ಮುಟ್ಟುವ ಮೊದಲೇ ಪಂಕ್ಚರ್ ಆಗಬಹುದು. ಅಪ್ಪನಿಗೆ ಸೀನು ಬಂದು ಕೈಯಲ್ಲಿನ ಬಾಟಲಿ ಬೀಳಬಹುದು. ಕಾರ್ಖಾನೆಯ ಸಾಹೇಬರು ತೆಲುಗಿನಲ್ಲಿ ಕೇಳಿದರೆ ಅಪ್ಪ ಗಾಬರಿಯಾಗಿ ಕನ್ನಡದಲ್ಲಿ ಉತ್ತರ ಕೊಡಬಹುದು. ಭೂಕಂಪವನ್ನೂ ನಾನು ಬಿಟ್ಟಿರಲಿಲ್ಲ. ಬಿಟ್ಟದ್ದು ನನ್ನ ಕೈಗಳನ್ನು ಮಾತ್ರ.

ಅಪ್ಪ ಪಟಾನ್‌ಚೆರುವಿನ ಒಂದು ಔಷಧಿ ಕಾರ್ಖಾನೆಯಲ್ಲಿ ಪೆಟ್ಟಿಗೆ ಹೊರುತ್ತಿದ್ದ. ಬೆನ್ನು ಸೋತಿತ್ತು. ಮನೆಗೆ ಬಂದರೆ ಗೋಡೆ ಹಿಡಿದು ಕೂರುತ್ತಿದ್ದ. ಅದೇ ಕಾರ್ಖಾನೆಯಲ್ಲಿ ಕೂತು ಮಾಡುವ ಕೆಲಸವೊಂದು ಖಾಲಿಯಾಗಿತ್ತು. ತುಂಬಿದ ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಔಷಧಿಯಲ್ಲಿ ಕಸ ತೇಲುತ್ತಿದೆಯೇ ಎಂದು ನೋಡುವುದು. ಸೋಮವಾರ ಅದರ ಪರೀಕ್ಷೆ. ಪಾಸಾದರೆ ಕುರ್ಚಿ, ಇಲ್ಲದಿದ್ದರೆ ಮತ್ತೆ ಪೆಟ್ಟಿಗೆ. ಇನ್ನೊಂದು ವರ್ಷ ಆ ಬೆನ್ನು ತಡೆಯುವುದಿಲ್ಲವೆಂದು ಅವ್ವ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಪರೀಕ್ಷೆಗೆಂದೇ ಅಪ್ಪ ಹೊಸ ಕನ್ನಡಕ ಮಾಡಿಸಿದ್ದ. ಗಾಜಿನದಲ್ಲ, ಪ್ಲಾಸ್ಟಿಕ್ ಲೆನ್ಸಿನದು, ಬಿದ್ದರೂ ಒಡೆಯಬಾರದೆಂದು.

ಅವತ್ತು ಅಪ್ಪ, ಅವ್ವ ಸಂತೆಗೆ ಹೋದರು. ಧೂಳಿಗೆ ಕೆಟ್ಟೀತೆಂದು ಅಪ್ಪ ಕನ್ನಡಕವನ್ನು ಮನೆಯಲ್ಲೇ ಬಿಟ್ಟಿದ್ದ. ನೋಡಿದರೆ ಅದರ ಮೇಲೊಂದು ಬೆರಳ ಗುರುತು. ಇದರಿಂದಲೇ ಅಪ್ಪ ಫೇಲಾದರೆ? ನಮ್ಮ ಮನೆಯಲ್ಲಿ ಇಷ್ಟಲಿಂಗವಿಡುವ ಬೆಳ್ಳಿ ಕರಡಿಗೆಯನ್ನು ವಿಭೂತಿ ಪುಡಿಯಿಂದ ತಿಕ್ಕುತ್ತಿದ್ದರು. ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಒಲೆಯ ಬೂದಿ ಒರಟು, ವಿಭೂತಿ ಮೆತ್ತಗೆ, ಮೇಲಾಗಿ ದೇವರದು. ಪರೀಕ್ಷೆಗೆ ಅದೂ ಇರಲಿ ಅಂದುಕೊಂಡೆ. ವಿಭೂತಿ ಗಟ್ಟಿಯನ್ನು ಪುಡಿ ಮಾಡಿ, ಒಣ ಬಟ್ಟೆಗೆ ಹಚ್ಚಿ, ಭಕ್ತಿಯಿಂದ ತಿಕ್ಕಿದೆ.

ಬಾಗಿಲ ಬಿಸಿಲಿಗೆ ಹಿಡಿದೆ. ಎಡಗಣ್ಣಿನ ಲೆನ್ಸಿನ ತುಂಬ ಜೇಡನ ಎಳೆಯಂಥ ಗೆರೆಗಳು. ಕೊಬ್ಬರಿ ಎಣ್ಣೆ ಸವರಿದೆ, ಗೆರೆಗಳು ಮಾಯವಾದವು. ದೇವರಿಗೆ ಕೈಮುಗಿದು ಎಣ್ಣೆ ಒರೆಸಿದೆ, ಎಲ್ಲವೂ ತಿರುಗಿ ಬಂದವು. ಅಷ್ಟರಲ್ಲಿ ಜೋಳದ ಹಿಟ್ಟಿನ ಕೈಯಲ್ಲೇ ಅಕ್ಕ ಬಂದಳು.

"ಏನ್ ಮಾಡಾಕತ್ತೀಯೋ?"

"ವಿಭೂತಿ ಹಚ್ಚೀನಿ."

"ಚಷ್ಮಾಕ್ಕ ಲಿಂಗದೀಕ್ಷಾ ಕೊಡಸ್ತೀಯೇನು? ಮೊದಲ ನೀರು ಬಿಡಬೇಕೋ ಹುಚ್ಚಾ. ಒಣಾ ತಿಕ್ಕಿದ್ರ ಧೂಳೇ ಕೆರೀತೈತಿ."

ಅಕ್ಕ ಕೈ ತೊಳೆದು, ಕನ್ನಡಕದ ಮೇಲೆ ಚೆಂಬಿನಿಂದ ನೀರು ಹರಿಸಿದಳು. ಬೆರಳ ತುದಿಗೆ ತುಸು ಸಾಬೂನು ತಗೊಂಡು ಹಗುರಾಗಿ ಸವರಿ, ಮತ್ತೆ ನೀರು ಬಿಟ್ಟು, ಹಳೆಯ ಧೋತರದ ಮೆತ್ತನೆ ತುಂಡಿನಿಂದ ಒತ್ತಿ ಒತ್ತಿ ಒಣಗಿಸಿದಳು. ಲೆನ್ಸು ಸ್ವಚ್ಛವಾಯಿತು. ಗೆರೆಗಳು ಇನ್ನೂ ಸ್ವಚ್ಛವಾಗಿ ಕಂಡವು.

ಲಿಂಗಂಪಲ್ಲಿ ಸ್ಟೇಷನ್ನಿಗೆ ಓಡಿ, ಸಿಕ್ಕ ರೈಲು ಹತ್ತಿಬಿಡೋಣ ಅನಿಸಿತು. ರೈಲಿನಲ್ಲಿ ಏನೇನು ಕೆಡಬಹುದೆಂದು ನೆನೆದು ಮನೆಯಲ್ಲೇ ಉಳಿದೆ. ಅಪ್ಪ ಬಂದೊಡನೆ ಅಳುತ್ತ ಎಲ್ಲ ಹೇಳಿದೆ. ಅಪ್ಪ ಕನ್ನಡಕ ಹಾಕಿಕೊಂಡು ಬೆಳಕಿಗೆ ಮುಖ ಮಾಡಿದ. ತನ್ನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಕೂತ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಮೇಲೆ ಒಂದು ಬಾಟಲಿ ನೀರು ತರಿಸಿದ. ಧೋತರದ ಒಂದು ಎಳೆ ಕಿತ್ತು ಅದರೊಳಗೆ ಹಾಕಿ, ಬಾಟಲಿಯನ್ನು ಗಿರ್ರನೆ ತಿರುಗಿಸಿ, ಬೆಳಕಿಗೆ ಹಿಡಿದು ನಿಲ್ಲಿಸಿದ.

"ಗೆರಿ ನಿಂತಲ್ಲೇ ನಿಂತಾವ," ಅಂದ. "ಕಸ ತಿರಗತೈತಿ. ತಿರಗೋದನ್ನ ಹಿಡೀಬೇಕು, ಅಷ್ಟ."

ಹೊತ್ತು ಮುಳುಗುವವರೆಗೂ ನಾನು ಅಪ್ಪನಿಗೆ ಕಾಣದಂತೆ ಬಾಟಲಿಯಲ್ಲಿ ಕೂದಲು ಹಾಕುವುದು, ಎಳೆ ಹಾಕುವುದು, ಕೆಲವು ಸಲ ಏನೂ ಹಾಕದೆ ಕೊಡುವುದು, ಅಪ್ಪ ತಿರುಗಿಸಿ ಹೇಳುವುದು. ಏನೂ ಹಾಕದ ಬಾಟಲಿಯಲ್ಲೂ ಮೂರು ಸಲ ಅವನಿಗೆ ಕಸ ಕಂಡಿತು. ಮೂರು ಸಲವೂ ನನ್ನ ಜೀವ ಹೋಯಿತು.

ಸೋಮವಾರ ಸಂಜೆ ಅಪ್ಪ ಬಂದು ಅಕ್ಕನಿಗೆ ಚಹಾ ಇಡಲು ಹೇಳಿದ. ಕುರ್ಚಿ ಸಿಕ್ಕಿತ್ತು.

ಮಕ್ಕಳೇ, ತಾರ್ನಾಕದ ನಿಮ್ಮ ಮನೆಯಲ್ಲಿ ಕನ್ನಡಕಕ್ಕೆ ಬೇರೆ ಡಬ್ಬಿ, ಬೇರೆ ಬಟ್ಟೆ, ಸಿಂಪಡಿಸಲು ಬೇರೆ ನೀರು. ಆದರೂ ನೀವು ಅಂಗಿಯ ತುದಿಯಿಂದಲೇ ಒರೆಸುತ್ತೀರಿ, ನಾನು ಚೀರುತ್ತೇನೆ, ನೀವು ನಗುತ್ತೀರಿ. ಗೆರೆ ಬಿದ್ದರೆ ವಾರದೊಳಗೆ ಹೊಸದು ಮನೆಗೇ ಬರುತ್ತದೆ. ಅಪ್ಪನಿಗೆ ಆರು ವರ್ಷ ಅದೇ ಕನ್ನಡಕ. ಅಷ್ಟೂ ವರ್ಷ ನನ್ನ ಮುಖ ನೋಡುವಾಗಲೆಲ್ಲ ಅಪ್ಪ ತಲೆಯನ್ನು ತುಸು ಓರೆ ಮಾಡಿ, ಗೆರೆಗಳ ಪಕ್ಕದಿಂದ ನೋಡುತ್ತಿದ್ದ. ಅಷ್ಟೆಲ್ಲ ಎಣಿಸಿದ್ದೆ, ಕೆಟ್ಟದ್ದು ಅಷ್ಟೇ.