ಐದು ಗಂಟೆಯ ಫೋನು

ನೀವು ಇದನ್ನು ನಂಬುವುದಿಲ್ಲ. ನನ್ನ ಮಾತನ್ನು ಸಾಮಾನ್ಯವಾಗಿ ಯಾರೂ ನಂಬುವುದಿಲ್ಲ, ಅಭ್ಯಾಸವಾಗಿದೆ.

ನಾನು ಎಸ್ಸೆಸ್ಸೆಲ್ಸಿಗೆ ಬಂದದ್ದೇ ತಡ, ಹೊಸನಗರದ ನಮ್ಮ ಮನೆಗೆ ಮಾತು ನಿಂತುಹೋಯಿತು. ಆರುನೂರ ಇಪ್ಪತ್ತೈದಕ್ಕೆ ಆರುನೂರ ಇಪ್ಪತ್ತೈದು ತೆಗೆಯುವ ಹುಡುಗನಿಗೆ ಡಿಸ್ಟರ್ಬ್ ಆಗಬಾರದಲ್ಲ. ಟೀವಿಗೆ ಬೆಡ್‌ಶೀಟು ಹೊದೆಸಿದರು. ಬಾಯಿ ಜೋರಿನ ತಂಗಿಯನ್ನು ಸಾಗರದ ಅಜ್ಜಿಮನೆಗೆ ಸಾಗಿಸಿದರು. ಅಪ್ಪ ಸ್ಕೂಟರನ್ನು ರಸ್ತೆಯ ತಿರುವಿನವರೆಗೆ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡುತ್ತಿದ್ದರು. ಅಮ್ಮ ಎಷ್ಟು ಮೆತ್ತಗೆ ನಡೆಯಲು ಕಲಿತಳೆಂದರೆ, ಬೆಕ್ಕು ಅವಳನ್ನು ನೋಡಿ ನಾಚಿ ಮನೆ ಬಿಟ್ಟಿತು. ಕುಕ್ಕರ್ ಕೂಡ ಪಿಸುಗುಟ್ಟುತ್ತಿತ್ತು. ತೀರ್ಥಹಳ್ಳಿಯ ಚಿಕ್ಕಪ್ಪನ ಮದುವೆಗೆ ಅಪ್ಪ ಅಮ್ಮ ಇಬ್ಬರೂ ಹೋಗಿಬಂದರು. ನನಗೆ ಡಬ್ಬಿಯಲ್ಲಿ ಹೋಳಿಗೆ ಬಂತು. ಅದನ್ನು ಮೇಜಿನ ಮೇಲಿಟ್ಟು, ಬಾಗಿಲು ಮುಂದೆ ಮಾಡಿಕೊಂಡು ಹೋದರು.

ನಮ್ಮ ಶಾಲೆಯಲ್ಲಿ ಪಾಸಾಗುವುದೇ ಅನುಮಾನ ಎನ್ನುವವರನ್ನು ಮೇಷ್ಟ್ರುಗಳು ದತ್ತು ತೆಗೆದುಕೊಳ್ಳುತ್ತಿದ್ದರು. ದತ್ತು ಎಂದರೆ ಆಸ್ತಿ ಗೀಸ್ತಿ ಇಲ್ಲ. ಬೆಳಗ್ಗೆ ಐದಕ್ಕೆ ಫೋನ್ ಮಾಡಿ ಓದಲು ಎಬ್ಬಿಸುವುದು, ಅಷ್ಟೇ. ನನ್ನ ಪಕ್ಕದ ಬೆಂಚಿನ ಗೆಳೆಯ ಗಣಿತದ ಮೇಷ್ಟ್ರ ಪಾಲಿಗೆ ಬಂದ. ಅವನ ಮನೆ ಹಿನ್ನೀರಿನ ಆಚೆ ದಂಡೆಯಲ್ಲಿ.

‘ನಿನ್ ನಂಬರ್ ಕೊಟ್ಟಿದೀನಿ ಮಾರಾಯ,’ ಎಂದ. ‘ನಮ್ಮನೇಲಿ ಸಿಗ್ನಲ್ ಬೇಕಂದ್ರೆ ಗುಡ್ಡ ಹತ್ಬೇಕು. ನನ್ ಥರಾನೇ ಮಾತಾಡ್ಬಿಡು.’

ಅವನನ್ನು ಯಾರೂ ಎಬ್ಬಿಸಬೇಕಾಗಿರಲಿಲ್ಲ. ಐದಕ್ಕೆ ಮೊದಲೇ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುತ್ತಿದ್ದ. ದನಿ ಮಾತ್ರ ಹಳೇ ಬಸ್ಸು ಘಾಟಿ ಹತ್ತಿದ ಹಾಗೆ. ನಿದ್ದೆಯಿಂದ ಎದ್ದ ನನ್ನದೂ ಹಾಗೇ.

ಮೊದಲ ದಿನ ಫೋನೆತ್ತಿದೆ. ತರಗತಿಯಲ್ಲಿ ಸೀಮೆಸುಣ್ಣ ಎಸೆಯುವ ಅದೇ ಮೇಷ್ಟ್ರು, ‘ಎದ್ಯೇನೋ ಮಗಾ? ಮುಖ ತೊಳ್ಕೊಂಡ್ಯಾ? ಚಳಿ ಐತಾ ನಿಮ್ ಕಡೆ?’ ಎಂದು ಕೇಳಿದರು. ನನ್ನನ್ನು ಅವರು ಯಾವತ್ತೂ ಏನೂ ಕೇಳಿದವರಲ್ಲ. ಕೈಯೆತ್ತಿದರೂ, ನಿನಗೇನಪ್ಪ, ನೀನು ಕೂತ್ಕೋ ಎನ್ನುತ್ತಿದ್ದರು. ಕೊಟ್ಟಿಗೆ ಇಲ್ಲದ ನಾನು ಅವತ್ತು ನಮ್ಮ ದನ ಗಬ್ಬವಾಗಿರುವ ಕತೆ ಹೇಳಿದೆ. ಮರುದಿನ ಅದಕ್ಕೆ ಹೆಣ್ಣು ಕರು ಹುಟ್ಟಿಸಿದೆ. ಮೇಷ್ಟ್ರು ಕರುವಿನ ಹೆಸರು ಕೇಳಿದರು. ವಾರ ಕಳೆಯುವುದರೊಳಗೆ ನಾನು ನಾಲ್ಕೂವರೆಗೇ ಎದ್ದು, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂರತೊಡಗಿದೆ. ಆ ಮನೆಯಲ್ಲಿ ದಿನಕ್ಕೆ ನನ್ನೊಂದಿಗೆ ನಡೆಯುತ್ತಿದ್ದ ಮಾತುಕತೆ ಅದೊಂದೇ.

ಮೇಷ್ಟ್ರು ಹೇಳಿದ ಪಾಠವನ್ನೆಲ್ಲ ಗೆಳೆಯನಿಗೆ ಪ್ರಾಮಾಣಿಕವಾಗಿ ದಾಟಿಸುತ್ತಿದ್ದೆ. ಜೊತೆಗೆ, ದಿನಾ ನನಗೆ ನೆಲ್ಲಿಕಾಯಿ ತಂದುಕೊಡಬೇಕಂತೆ ಎಂದೂ ಸೇರಿಸುತ್ತಿದ್ದೆ. ಪಾಪ, ತರುತ್ತಿದ್ದ.

ಪರೀಕ್ಷೆಗೆ ಇನ್ನು ಕೆಲವೇ ದಿನ ಇದ್ದಾಗ ಒಂದು ಬೆಳಗ್ಗೆ ನನಗೇ ಗೊತ್ತಿಲ್ಲದೆ ಬಾಯಿಗೆ ಬಂತು: ‘ಸರ್, ಫೇಲಾದ್ರೆ?’

ಮೇಷ್ಟ್ರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ.

‘ಫೇಲಾದ್ರೆ ಎರಡ್ನೇ ಪರೀಕ್ಷೆ ಇಲ್ವೇನೋ? ಅದೂ ಹೋದ್ರೆ ಮೂರ್ನೇದು. ಮಾರ್ಕ್ಸ್ ಬರ್ಲಿ ಬಿಡ್ಲಿ, ನೀನು ನನ್ ಹುಡ್ಗನೇ ಕಣೋ.’

ಗೆಳೆಯನ ದನಿಯಲ್ಲಿ ಏನಾದರೂ ಹೇಳಬೇಕಿತ್ತು. ಅದು ಬಿಟ್ಟು, ‘ಸರ್, ಇನ್ನೊಂದ್ಸಲ ಹೇಳಿ’ ಎಂದೆ.

ಅಷ್ಟರಲ್ಲಿ ಹೆಗಲ ಮೇಲಿನಿಂದ ಒಂದು ಕೈ ಬಂದು ಫೋನು ತೆಗೆದುಕೊಂಡಿತು. ಬಾದಾಮಿ ಹಾಲಿನ ಲೋಟ ಹಿಡಿದು ಅಮ್ಮ ಯಾವಾಗಲೋ ಬಂದು ನಿಂತಿದ್ದಳು. ನನಗೆಂದೇ ಕಲಿತ ನಡಿಗೆ, ನನಗೆ ಹೇಗೆ ಕೇಳೀತು?

‘ನಮಸ್ಕಾರ ಸರ್. ಇದು ನಮ್ ಹುಡುಗ,’ ಎಂದು ಹೆಸರು ಹೇಳಿದಳು. ಮೇಷ್ಟ್ರು ಆ ಹೆಸರನ್ನೇ ತಿರುಗಿ ಕೇಳಿದರು. ‘ಹೌದು ಸರ್, ಅವನೇ. ಅವನಿಗೆ ಇದೆಲ್ಲ ಬೇಡ ಸರ್. ಅವನು ಹೇಗಿದ್ರೂ ಓದ್ಕೊಳ್ತಾನೆ.’

ಬೈದಳು ಅಂದುಕೊಂಡಿರಾ? ಇಲ್ಲ. ಬೈದರೆ ಓದಿಗೆ ಡಿಸ್ಟರ್ಬ್. ಫೋನು ಆಫ್ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಲೋಟವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟಳು, ಇನ್ನೂ ಮೆತ್ತಗೆ ಬಾಗಿಲು ಮುಂದೆ ಮಾಡಿದಳು.